ಹೂ, ವಿಚ್, ದಟ್: ನಮ್ಮ ಕೇರಿಯ ಭಾನುವಾರದ ಇಂಗ್ಲಿಷ್



ಇವತ್ತಿನ ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ. ಹೋರಾಟದ ಪೋಸ್ಟ್ ಅಂದುಕೊಂಡು ಬಂದವರಿಗೆ ಮೊದಲೇ ಹೇಳಿಬಿಡ್ತೀನಿ, ಇದು ಇಂಗ್ಲಿಷ್ ಗ್ರಾಮರ್ ಬಗ್ಗೆ. ಹಾಗಂತ ಮುಂದಕ್ಕೆ ಹೋಗಬೇಡಿ, ಹೋರಾಟವೂ ಇದರೊಳಗೇ ಇದೆ.

ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡ್ತೀನಿ ಅನ್ನೋದು ನಿಮ್ಮಲ್ಲಿ ಹಲವರಿಗೆ ಗೊತ್ತು. ನಾನು ಟೀಚರ್ ಅಲ್ಲ. ಬಿಎ ಓದಿ ಕ್ಲರ್ಕ್ ಆಗಿರುವವಳು. ವಾರವಿಡೀ ಟಪಾಲು, ಇನ್‌ವರ್ಡ್, ಔಟ್‌ವರ್ಡ್, ಫೈಲು. ಭಾನುವಾರ ಮಾತ್ರ ಸೀಮೆಸುಣ್ಣ. ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳು ಬರ್ತಾರೆ. ಎಸ್‌ಡಿಎ ಪರೀಕ್ಷೆಗೆ ಓದುತ್ತಿರುವ ಇಬ್ಬರು ಹುಡುಗರು ಬರ್ತಾರೆ. ಮಗಳ ಜೊತೆ ಬಂದು ಹಿಂದೆ ಕೂತು, ಈಗ ಮಗಳಿಗಿಂತ ಮೊದಲೇ ಉತ್ತರ ಹೇಳುವ ಒಬ್ಬರು ಅಂಗನವಾಡಿ ಸಹಾಯಕಿಯೂ ಇದ್ದಾರೆ.

ಕಳೆದ ತಿಂಗಳು ಕ್ಲಾಸಿನ ಫೋಟೋ ಹಾಕಿದಾಗ ಬೋರ್ಡಿನ ಮೇಲೆ "ಕಂಬೈನ್ ದ ಸೆಂಟೆನ್ಸಸ್ ಯೂಸಿಂಗ್ ಹೂ, ವಿಚ್, ದಟ್" ಅಂತ ಬರೆದದ್ದು ಕಾಣ್ತಿತ್ತು. ಇನ್‌ಬಾಕ್ಸಿನಲ್ಲಿ ನಾಲ್ಕೈದು ಜನ ಕೇಳಿದ್ರು, "ಅಕ್ಕ, ನಮ್ಮ ಹುಡುಗರು ಅಲ್ಲೇ ಸಿಕ್ಕಿಹಾಕ್ಕೋತಾರೆ, ನೀವು ಹೇಗೆ ಹೇಳಿಕೊಡ್ತೀರಿ?" ಅಂತ. ಒಬ್ಬ ಹಿರಿಯ ಗೆಳೆಯರು ಬೇರೆ ಥರ ಕೇಳಿದ್ರು. "ಭೂಮಿ ಇಲ್ಲ, ಸ್ಮಶಾನ ಇಲ್ಲ, ನೀನು ರಿಲೇಟಿವ್ ಕ್ಲಾಸ್ ಹೇಳ್ಕೊಂಡು ಕೂತಿದ್ದೀಯಲ್ಲವ್ವ" ಅಂತ. ಇಬ್ಬರಿಗೂ ಸೇರಿಸಿ ಉತ್ತರ ಬರೀತಿದ್ದೀನಿ.

ಮೊದಲು ಪಾಠ.

ನಮ್ಮ ಮಕ್ಕಳು ಇಂಗ್ಲಿಷ್ ಬರೆಯೋದು ಹೀಗೆ: "ಐ ಹ್ಯಾವ್ ಎ ಬ್ರದರ್. ಹಿ ವರ್ಕ್ಸ್ ಇನ್ ಬೆಂಗಳೂರು. ಹಿ ಸೆಂಡ್ಸ್ ಮನಿ." ತಪ್ಪೇನಿಲ್ಲ. ಆದರೆ ಇಡೀ ಪುಟ ಹೀಗೇ ಇದ್ದರೆ ಓದುವವರು "ಇವನಿಗೆ ಇಷ್ಟೇ ಬರೋದು" ಅಂತ ತೀರ್ಮಾನ ಮಾಡಿಬಿಡ್ತಾರೆ. ಇಂಟರ್‌ವ್ಯೂನಲ್ಲಿ, ಅರ್ಜಿಯಲ್ಲಿ, ಕಾಲೇಜಿನ ಸೆಮಿನಾರಿನಲ್ಲಿ ನಮ್ಮ ಹುಡುಗರನ್ನು ಅಳೆಯೋದು ಅವರಿಗೆ ಏನು ಗೊತ್ತಿದೆ ಅನ್ನೋದರಿಂದಲ್ಲ, ವಾಕ್ಯ ಎಷ್ಟು ಉದ್ದ ಹೋಗುತ್ತೆ ಅನ್ನೋದರಿಂದ. ಅನ್ಯಾಯವೇ, ಆದರೆ ಇರೋದು ಹಾಗೆ.

ನಾನು ಮಕ್ಕಳಿಗೆ ಮೊದಲು ಹೇಳೋದು, "ಇದು ನಿಮಗೆ ಆಗಲೇ ಬರುತ್ತೆ" ಅಂತ. ಕನ್ನಡದಲ್ಲಿ ನಾವು ದಿನಕ್ಕೆ ನೂರು ಸಲ ವಾಕ್ಯ ಕೂಡಿಸ್ತೀವಿ. "ಬೆಂಗಳೂರಲ್ಲಿ ಕೆಲಸ ಮಾಡೋ ಅಣ್ಣ ದುಡ್ಡು ಕಳಿಸ್ತಾನೆ." ಮೂರು ವಾಕ್ಯ ಒಂದಾಯ್ತು. ಸ್ಕೂಲಿನ ಮುಖ ನೋಡದ ನಮ್ಮಜ್ಜಿ ಬೈಯುವಾಗ ಹೇಳ್ತಿದ್ದದ್ದು, "ಸಂತೇಲಿ ತಂದ ಬದನೆಕಾಯಿ ಹಾಕಿ ಮಾಡಿದ ಸಾರ ತಿಂದ ಬಾಯಲ್ಲಿ ಇಂಥ ಮಾತು ಬರ್ತದಲ್ಲ" ಅಂತ. ತಂದ ಬದನೆಕಾಯಿ, ಮಾಡಿದ ಸಾರು, ತಿಂದ ಬಾಯಿ. ಒಂದರೊಳಗೊಂದು ಮೂರು ರಿಲೇಟಿವ್ ಕ್ಲಾಸು, ಉಸಿರು ಬಿಡದೆ. ನಮ್ಮ ವ್ಯಾಕರಣದ ಪುಸ್ತಕದಲ್ಲಿ ಈ ಮಾಡಿದ, ಮಾಡುವ, ಮಾಡದ ಅನ್ನೋ ರೂಪಗಳನ್ನು ಕೃದಂತನಾಮ ಅಂತಾರೆ. ಹೆಸರು ಗೊತ್ತಿಲ್ಲದಿದ್ದರೂ ಕೆಲಸ ಗೊತ್ತು. ಬುದ್ಧಿ ಕಡಿಮೆ ಇರೋದರಿಂದ ಇಂಗ್ಲಿಷ್ ಬರಲ್ಲ ಅಂತ ಯಾರಾದ್ರೂ ನಮ್ಮ ಮಕ್ಕಳಿಗೆ ಹೇಳಿದರೆ, ಅಜ್ಜಿಯ ಈ ಬೈಗುಳವನ್ನು ಇಂಗ್ಲಿಷ್ ಮಾಡಿಕೊಡಿ ಅಂತ ಅವರನ್ನೇ ಕೇಳಬೇಕು.

ವ್ಯತ್ಯಾಸ ಎರಡೇ. ಒಂದು, ದಿಕ್ಕು. ಕನ್ನಡದಲ್ಲಿ ವಿವರ ಮೊದಲು, ಮನುಷ್ಯ ಆಮೇಲೆ: "ರಸ್ತೆ ಗುಡಿಸುವ ಹೆಂಗಸು." ಇಂಗ್ಲಿಷಿನಲ್ಲಿ ಮನುಷ್ಯ ಮೊದಲು, ವಿವರ ಆಮೇಲೆ: "ದ ವುಮನ್ ಹೂ ಸ್ವೀಪ್ಸ್ ದ ರೋಡ್." ಎರಡು, ಕನ್ನಡದಲ್ಲಿ ಕೂಡಿಸೋಕೆ ಬೇರೆ ಪದ ಬೇಡ, "ಗುಡಿಸುವ" ಅನ್ನೋದರ ಬಾಲವೇ ಸಾಕು. ಇಂಗ್ಲಿಷಿಗೆ ಮಧ್ಯೆ ಒಂದು ಕೊಂಡಿ ಬೇಕು. ಆ ಕೊಂಡಿಯೇ ಹೂ, ವಿಚ್, ದಟ್.

"ಹೂ" ಅಂದ ಕೂಡಲೇ ಸಣ್ಣ ಮಕ್ಕಳು "ಯಾವ ಹೂ ಅಕ್ಕ, ಮಲ್ಲಿಗೆನಾ?" ಅಂತಾರೆ. "ಹೂಸ್" ಬಂದ ದಿನ ಕ್ಲಾಸು ಹತ್ತು ನಿಮಿಷ ನಡೆಯಲ್ಲ. ಯಾಕೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ನಗಲಿ ಬಿಡಿ. ನಾವು ಓದುವಾಗ ಇಂಗ್ಲಿಷ್ ಪೀರಿಯಡ್ಡಿನಲ್ಲಿ ನಗೋಕೆ ಧೈರ್ಯ ಎಲ್ಲಿತ್ತು?

ಮಾಡುವ ಕ್ರಮ ನಾಲ್ಕು ಹೆಜ್ಜೆ.

ಮೊದಲ ಹೆಜ್ಜೆ, ಎರಡೂ ವಾಕ್ಯದಲ್ಲಿ ಇರುವ ಒಂದೇ ವ್ಯಕ್ತಿ ಅಥವಾ ವಸ್ತುವನ್ನು ಹುಡುಕು. "ದ ವುಮನ್ ಗಾಟ್ ಎ ಹೌಸ್. ಶಿ ಸ್ವೀಪ್ಸ್ ದಿಸ್ ರೋಡ್." ಇಲ್ಲಿ "ವುಮನ್" ಮತ್ತು "ಶಿ" ಒಬ್ಬರೇ.

ಎರಡನೇ ಹೆಜ್ಜೆ, ಎರಡನೇ ವಾಕ್ಯದಲ್ಲಿ ಅವರನ್ನು ತೆಗೆದು ಆ ಜಾಗಕ್ಕೆ ಕೊಂಡಿ ಹಾಕು. "ಶಿ ಸ್ವೀಪ್ಸ್" ಹೋಗಿ "ಹೂ ಸ್ವೀಪ್ಸ್" ಆಯ್ತು. ನಮ್ಮ ಮಕ್ಕಳು ಎಡವೋದು ಇಲ್ಲೇ. "ದ ವುಮನ್ ಹೂ ಶಿ ಸ್ವೀಪ್ಸ್" ಅಂತ ಬರೀತಾರೆ. ನಾನು ಕುರ್ಚಿ ತೋರಿಸಿ ಹೇಳ್ತೀನಿ, ಒಂದು ಕುರ್ಚಿ ಇದೆ, "ಹೂ" ಕೂತ ಮೇಲೆ "ಶಿ" ಎದ್ದೇಳಬೇಕು ಅಂತ.

ಮೂರನೇ ಹೆಜ್ಜೆ, ಆ ತುಂಡನ್ನು ಯಾರ ಬಗ್ಗೆಯೋ ಅವರ ಪಕ್ಕದಲ್ಲೇ ಕೂರಿಸು. ರಿಲೇಟಿವ್ ಅಂದ್ರೆ ನೆಂಟರು ತಾನೇ? ಮದುವೆ ಮನೆಯಲ್ಲಿ ನೆಂಟರನ್ನು ಅವರ ಕಡೆಯವರ ಪಕ್ಕದಲ್ಲೇ ಕೂರಿಸಬೇಕು. ಇಲ್ಲದಿದ್ದರೆ ಗಲಾಟೆ. "ದ ಬಕೆಟ್ ಈಸ್ ಇನ್ ದ ಹೌಸ್ ವಿಚ್ ಈಸ್ ಬ್ರೋಕನ್" ಅಂತ ಬರೆದರೆ ಒಡೆದಿರೋದು ಬಕೆಟ್ಟಲ್ಲ, ಮನೆ ಆಗಿಬಿಡುತ್ತೆ. "ದ ಬಕೆಟ್ ವಿಚ್ ಈಸ್ ಬ್ರೋಕನ್ ಈಸ್ ಇನ್ ದ ಹೌಸ್" ಅಂದರೆ ಸರಿ.

ನಾಲ್ಕನೇ ಹೆಜ್ಜೆ, ಬಿಟ್ಟುಬಂದ ಮೊದಲ ವಾಕ್ಯವನ್ನು ಮುಗಿಸು. "ದ ವುಮನ್ ಹೂ ಸ್ವೀಪ್ಸ್ ದಿಸ್ ರೋಡ್ ಗಾಟ್ ಎ ಹೌಸ್." ರಸ್ತೆ ಗುಡಿಸುವ ಹೆಂಗಸಿಗೆ ಮನೆ ಸಿಕ್ತು. ತುಂಬಾ ಮಕ್ಕಳು "ರೋಡ್" ಹತ್ತಿರ ಫುಲ್‌ಸ್ಟಾಪ್ ಇಟ್ಟುಬಿಡ್ತಾರೆ. ಆಗ ಆಯಮ್ಮನಿಗೆ ಮನೆಯೇ ಸಿಗಲ್ಲ.

ಕೊಂಡಿ ಯಾವುದು ಅಂತ ತಿಳಿಯೋದು ಸುಲಭ. ಮನುಷ್ಯರಿಗೆ "ಹೂ", ವಸ್ತುವಿಗೆ "ವಿಚ್", ಎರಡಕ್ಕೂ "ದಟ್" ನಡೆಯುತ್ತೆ. ಜಾಗಕ್ಕೆ "ವೇರ್", ಕಾಲಕ್ಕೆ "ವೆನ್". ಯಾರದ್ದೋ ಅಪ್ಪ, ಯಾರದ್ದೋ ಮನೆ ಅನ್ನುವ ಸಂಬಂಧ ಇದ್ದರೆ "ಹೂಸ್".

ಇನ್ನೊಂದು ಕಡೆ ನಮ್ಮ ಮಕ್ಕಳು ಎಡವ್ತಾರೆ, ಅದಕ್ಕೆ ಕಾರಣ ಕನ್ನಡವೇ. ಈ ಮೂರು ನೋಡಿ: "ನೀರು ಕುಡಿದ ಹುಡುಗ", "ನೀರು ಕುಡಿದ ಲೋಟ", "ನೀರು ಕುಡಿದ ಕೆರೆ." ಮೂರರಲ್ಲೂ "ನೀರು ಕುಡಿದ" ಒಂದೇ. ಕುಡಿದವನು ಯಾರು, ಯಾವುದರಲ್ಲಿ ಕುಡಿದ, ಎಲ್ಲಿಂದ ಕುಡಿದ ಅನ್ನೋದನ್ನು ಕನ್ನಡ ಬಾಯಿಬಿಟ್ಟು ಹೇಳಲ್ಲ, ನಾವೇ ಅರ್ಥ ಮಾಡ್ಕೋತೀವಿ. ಇಂಗ್ಲಿಷ್ ಹಾಗೆ ಬಿಡಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಯ ನೀರು ಕುಡಿದರು. ಅದನ್ನು ಬರೆಯೋಕೆ ಹೇಳಿದರೆ ಮಕ್ಕಳು "ದ ಟ್ಯಾಂಕ್ ವಿಚ್ ಬಾಬಾಸಾಹೇಬ್ ಡ್ರ್ಯಾಂಕ್" ಅಂತ ಬರೀತಾರೆ. ಇಡೀ ಕೆರೆಯನ್ನೇ ಕುಡಿದ ಹಾಗಾಯ್ತು! "ದ ಟ್ಯಾಂಕ್ ಫ್ರಮ್ ವಿಚ್ ಬಾಬಾಸಾಹೇಬ್ ಡ್ರ್ಯಾಂಕ್ ವಾಟರ್" ಅನ್ನಬೇಕು. ಆ ಪುಟ್ಟ "ಫ್ರಮ್" ಬಿಡಬಾರದು. ಮಹಾಡಿನ ಇಡೀ ಹೋರಾಟ ಆ "ಫ್ರಮ್" ಬಗ್ಗೆಯೇ ಅಲ್ಲವಾ? ನೀರು ಕುಡಿಯಬೇಡ ಅಂತ ಯಾರೂ ಹೇಳಿರಲಿಲ್ಲ, ಈ ಕೆರೆಯಿಂದ ಕುಡಿಯಬೇಡ ಅಂದಿದ್ರು.

ಪಠ್ಯಪುಸ್ತಕ, ಗೈಡುಗಳಲ್ಲಿ ಬರುವ ಉದಾಹರಣೆ ನೋಡಿದ್ದೀರಲ್ಲ. ಪಕ್ಕದ ಮನೆಯಲ್ಲಿ ಡಾಕ್ಟರ್ ಇರ್ತಾರೆ, ಅಂಕಲ್ ಹತ್ತಿರ ಕಾರು ಇರುತ್ತೆ, ಯಾರೋ ಪಿಯಾನೋ ಬಾರಿಸ್ತಾರೆ. ನಮ್ಮ ಕೇರಿಯ ಪಕ್ಕದ ಮನೆಯಲ್ಲಿ ಡಾಕ್ಟರ್ ಯಾವತ್ತು ಇದ್ರು? ಹಾಗಾಗಿ ನಾನು ಮಕ್ಕಳಿಗೇ ವಾಕ್ಯ ತರೋಕೆ ಹೇಳ್ತೀನಿ. ಗಾರೆ ಕೆಲಸದ ಮಾವ, ಗಾರ್ಮೆಂಟ್ಸಿಗೆ ಹೋಗುವ ಅಕ್ಕ, ತಮಟೆ ಬಾರಿಸುವ ತಾತ, ಎಲ್ಲರೂ ಬೋರ್ಡಿನ ಮೇಲೆ ಬರ್ತಾರೆ.

"ಹೂಸ್" ಪಾಠದ ದಿನ ಹತ್ತನೇ ಕ್ಲಾಸಿನ ಒಂದು ಹುಡುಗಿ ವಾಕ್ಯ ತರಲೇ ಇಲ್ಲ. "ಯಾಕವ್ವ?" ಅಂದೆ. ತಲೆ ತಗ್ಗಿಸಿದಳು. ಅವಳಪ್ಪ ಚರಂಡಿ ಕೆಲಸಕ್ಕೆ ಹೋಗ್ತಾರೆ. ಸ್ಕೂಲಿನಲ್ಲಿ ಅಪ್ಪನ ಕೆಲಸ ಕೇಳಿದಾಗೆಲ್ಲ "ಕೂಲಿ" ಅಂತ ಬರೆದು ಅಭ್ಯಾಸ. ನಾನು ಒತ್ತಾಯ ಮಾಡಲಿಲ್ಲ. ಮುಂದಿನ ವಾರ ಅವಳೇ ಎದ್ದು ಬಂದು ಬೋರ್ಡಿನ ಮೇಲೆ ಬರೆದಳು: "ದ ಗರ್ಲ್ ಹೂಸ್ ಫಾದರ್ ಕ್ಲೀನ್ಸ್ ದ ಡ್ರೈನ್ಸ್ ಸ್ಟುಡ್ ಫಸ್ಟ್ ಇನ್ ಮ್ಯಾಥ್ಸ್." ಯಾರೂ ಚಪ್ಪಾಳೆ ತಟ್ಟಲಿಲ್ಲ, ಸುಮ್ಮನೆ ನೋಟ್ಸಿಗೆ ಇಳಿಸಿಕೊಂಡರು. ಅದೇ ಒಳ್ಳೇದಾಯ್ತು ಅನ್ನಿಸ್ತು ನನಗೆ. ಅಪ್ಪನ ಕೆಲಸ ಮುಚ್ಚಿಡಬೇಕಾದ ಗುಟ್ಟಾಗಿರಲಿಲ್ಲ, ಚಪ್ಪಾಳೆ ಬೇಕಾದ ಸಾಹಸವೂ ಆಗಿರಲಿಲ್ಲ. ಒಂದು ಸರಿಯಾದ ವಾಕ್ಯ ಆಗಿತ್ತು, ಅಷ್ಟೇ.

ಈಗ ಹಿರಿಯ ಗೆಳೆಯರ ಪ್ರಶ್ನೆಗೆ ಬರ್ತೀನಿ. ಅದಕ್ಕೆ ಕಾಮಾ ಬಗ್ಗೆ ಹೇಳಬೇಕು.

ಈ ರಿಲೇಟಿವ್ ಕ್ಲಾಸಿನಲ್ಲಿ ಎರಡು ಜಾತಿ. (ಕ್ಷಮಿಸಿ, ಎರಡು ಬಗೆ. ಜಾತಿ ಅನ್ನೋ ಪದ ಎಲ್ಲಿ ಬೇಕಾದರೂ ನುಗ್ಗುತ್ತೆ ನೋಡಿ.) ಒಂದು, ಗುಂಪಿನಿಂದ ಕೆಲವರನ್ನು ಆರಿಸಿ ತೋರಿಸೋದು. ಇನ್ನೊಂದು, ಎಲ್ಲರ ಬಗ್ಗೆ ಹೆಚ್ಚಿನ ಮಾಹಿತಿ ಕೊಡೋದು. ಮೊದಲನೆಯದಕ್ಕೆ ಕಾಮಾ ಇಲ್ಲ, ಎರಡನೆಯದಕ್ಕೆ ಎರಡೂ ಕಡೆ ಕಾಮಾ.

"ದ ಬಾಯ್ಸ್ ಹೂ ಕೇಮ್ ಲೇಟ್ ವರ್ ಸೆಂಟ್ ಔಟ್." ತಡವಾಗಿ ಬಂದ ಹುಡುಗರನ್ನು ಮಾತ್ರ ಹೊರಗೆ ಕಳಿಸಿದ್ರು, ಉಳಿದವರು ಒಳಗಿದ್ದಾರೆ. ಅದೇ ವಾಕ್ಯಕ್ಕೆ "ಬಾಯ್ಸ್" ಆದಮೇಲೆ ಒಂದು, "ಲೇಟ್" ಆದಮೇಲೆ ಒಂದು ಕಾಮಾ ಹಾಕಿ. ಆಗ ಹುಡುಗರೆಲ್ಲರೂ ತಡವಾಗಿ ಬಂದರು, ಎಲ್ಲರನ್ನೂ ಕಳಿಸಿದರು ಅಂತ ಅರ್ಥ. ಪದ ಒಂದೂ ಬದಲಾಗಲಿಲ್ಲ. ಎರಡು ಸಣ್ಣ ಗೀರು, ಒಳಗಿದ್ದವರೂ ಹೊರಗೆ. ಇನ್ನೊಂದು ನೆನಪಿಡಿ, ಕಾಮಾ ಇರುವ ಕಡೆ "ದಟ್" ಹಾಕಬಾರದು, "ಹೂ" ಅಥವಾ "ವಿಚ್" ಮಾತ್ರ.

ಇದು ಎರಡು ಮಾರ್ಕಿನ ವಿಷಯ ಅನ್ನಿಸಬಹುದು. ನಡೆದ ಒಂದು ಸಂಗತಿ ಹೇಳ್ತೀನಿ. ಕಚೇರಿಯ ಹೆಸರು ಬೇಡ. ನಮ್ಮ ಪಕ್ಕದೂರಿನ ಕೇರಿಯ 42 ಮನೆಗಳ ವಿಷಯ. ಅದರಲ್ಲಿ 31 ಮನೆಗೆ ಹಕ್ಕುಪತ್ರ ಇತ್ತು, 11 ಮನೆಗೆ ಇರಲಿಲ್ಲ. ಮನೆ ಕಟ್ಟಿಕೊಳ್ಳುವ ಸಹಾಯಧನಕ್ಕೆ ಕೆಳಗಿನಿಂದ ಹೋದ ಕನ್ನಡದ ವರದಿಯಲ್ಲಿ "ಹಕ್ಕುಪತ್ರ ಇಲ್ಲದ ಕುಟುಂಬಗಳನ್ನು ಎರಡನೇ ಹಂತದಲ್ಲಿ ಪರಿಗಣಿಸಬಹುದು" ಅಂತ ಇತ್ತು. ಮೇಲಿನವರಿಗೆ ಕಳಿಸೋಕೆ ಯಾರೋ ಅದನ್ನು ಇಂಗ್ಲಿಷ್ ಮಾಡಿದ್ರು: "ದ ಫ್ಯಾಮಿಲೀಸ್, ಹೂ ಡು ನಾಟ್ ಹ್ಯಾವ್ ಟೈಟಲ್ ಡೀಡ್ಸ್, ಮೇ ಬಿ ಕನ್ಸಿಡರ್ಡ್ ಇನ್ ದ ಸೆಕೆಂಡ್ ಫೇಸ್." ಎರಡು ಕಾಮಾ. 42 ಮನೆಗೂ ಹಕ್ಕುಪತ್ರ ಇಲ್ಲ, 42 ಮನೆಯೂ ಎರಡನೇ ಹಂತಕ್ಕೆ ಅಂತಾಯ್ತು. ಎರಡನೇ ಹಂತ ಅಂದ್ರೆ ಏನು ಅಂತ ಸರ್ಕಾರಿ ಕಚೇರಿ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು.

ಊರಿನವರು ಆ ಪತ್ರದ ನಕಲು ತಂದು, "ನೋಡವ್ವ, ನಮ್ಮ ಹೆಸರು ಯಾಕೆ ಬಂದಿಲ್ಲ?" ಅಂದ್ರು. ಪತ್ರ ಓದಿದೆ, ಕಾಮಾ ಕಣ್ಣಿಗೆ ಬಿತ್ತು. ಮರುದಿನ ಅರ್ಧ ದಿನ ರಜೆ ಹಾಕಿ ಅವರ ಜೊತೆ ಹೋದೆ. ಅಲ್ಲಿನ ವಿಷಯ ನಿರ್ವಾಹಕರು "ಒಂದು ಕಾಮಾಗೆ ಇಷ್ಟು ದೊಡ್ಡ ರಾಮಾಯಣ ಯಾಕಮ್ಮ?" ಅಂತ ನಕ್ಕರು. ನಾವು ಅಲ್ಲೇ ಕೂತು ಒಂದು ಪುಟದ ಮನವಿ ಬರೆದೆವು. 11 ಕುಟುಂಬಗಳ ಬಗ್ಗೆ ಕಾಮಾ ಇಲ್ಲದೆ ಒಂದು ವಾಕ್ಯ, 31 ಕುಟುಂಬಗಳ ಬಗ್ಗೆ ಬೇರೆ ವಾಕ್ಯ: "ದ ರಿಮೇನಿಂಗ್ 31 ಫ್ಯಾಮಿಲೀಸ್, ಆಲ್ ಆಫ್ ಹೂಮ್ ಹ್ಯಾವ್ ಟೈಟಲ್ ಡೀಡ್ಸ್, ಆರ್ ಎಲಿಜಿಬಲ್ ನೌ." ಜೊತೆಗೆ ಹಕ್ಕುಪತ್ರದ ಪಟ್ಟಿ ಲಗತ್ತಿಸಿ, ಮುದ್ರೆ ಹಾಕಿಸಿಕೊಂಡು ಸ್ವೀಕೃತಿ ತಗೊಂಡೆವು. ತಿದ್ದಿದ ಪತ್ರ ಹೊರಡೋಕೆ ಎರಡು ತಿಂಗಳು ಹಿಡಿಯಿತು, ಆರು ಸಲ ಓಡಾಟ. 31 ಮನೆಯ ಪಟ್ಟಿ ಮುಂದೆ ಹೋಯ್ತು. ಆ 11 ಮನೆಯ ಕೆಲಸ ಇನ್ನೂ ಆಗಿಲ್ಲ. ಗ್ರಾಮರ್‌ನಿಂದ ಹಕ್ಕುಪತ್ರ ಹುಟ್ಟಲ್ಲ, ಅದಕ್ಕೆ ಬೀದಿಗೇ ಇಳಿಯಬೇಕು. ಆದರೆ ಇರುವ ಹಕ್ಕುಪತ್ರವನ್ನು ಕಾಮಾ ನುಂಗೋದನ್ನು ಗ್ರಾಮರ್ ತಡೆಯುತ್ತೆ. ಹಿರಿಯರಿಗೆ ನನ್ನ ಉತ್ತರ ಇಷ್ಟೇ: ಭೂಮಿಯ ಹೋರಾಟ ಕೊನೆಗೆ ಬಂದು ನಿಲ್ಲೋದು ಒಂದು ಕಾಗದದ ಮುಂದೆ. ಕಾಗದ ಓದೋರು ನಮ್ಮೊಳಗೇ ಇರಬೇಕು.

ಇಲ್ಲಿ ಇನ್ನೊಂದು ವಿಚಾರ ಗಮನಿಸಿ. ಕನ್ನಡದ ವರದಿಯೂ ಪೂರ್ತಿ ಸ್ಪಷ್ಟ ಇರಲಿಲ್ಲ. "ಹಕ್ಕುಪತ್ರ ಇಲ್ಲದ ಕುಟುಂಬಗಳು" ಅಂದರೆ ಕೆಲವು ಕುಟುಂಬಗಳೋ ಎಲ್ಲ ಕುಟುಂಬಗಳೋ? ನಮ್ಮ ಕೃದಂತಕ್ಕೆ ಕಾಮಾದ ವ್ಯವಸ್ಥೆ ಇಲ್ಲ, ಎರಡೂ ಅರ್ಥ ಬರುತ್ತೆ. ಇಂಗ್ಲಿಷ್ ಕಾಮಾ ಕಲಿತ ಮೇಲೆ ಮಕ್ಕಳು ಕನ್ನಡ ಪೇಪರನ್ನೂ ಬೇರೆ ಥರ ಓದೋಕೆ ಶುರು ಮಾಡಿದ್ರು. "ಕುಡಿದು ಗಲಾಟೆ ಮಾಡುವ ಕೇರಿಯ ಯುವಕರು" ಅಂತ ಯಾರಾದ್ರೂ ಬರೆದರೆ, ಕುಡಿಯುವ ಕೆಲವರ ಬಗ್ಗೆ ಹೇಳ್ತಿದ್ದಾರಾ, ಇಡೀ ಕೇರಿಯ ಹುಡುಗರಿಗೆ ಹಣೆಪಟ್ಟಿ ಹಚ್ಚುತ್ತಿದ್ದಾರಾ? "ಮೀಸಲಾತಿಯಲ್ಲಿ ಬಂದ ದಡ್ಡರು" ಅನ್ನೋ ಮಾತನ್ನು ಎಷ್ಟು ಸಲ ಕೇಳಿಲ್ಲ ನಾವು? ಅದರಲ್ಲಿ ಕಾಮಾ ಎಲ್ಲಿ ಅಂತ ಕೇಳಿ ನೋಡಿ, ಹೇಳಿದವರು ತಡವರಿಸ್ತಾರೆ. ಒಂದು ಕೃದಂತದೊಳಗೆ ಇಡೀ ಸಮುದಾಯದ ಮೇಲಿನ ಆರೋಪವನ್ನು ಬಚ್ಚಿಡಬಹುದು. ವಾಕ್ಯವಾಗಿ ಹೇಳಿದರೆ "ಸುಳ್ಳು" ಅಂತ ಎದ್ದು ನಿಲ್ಲಬಹುದು. ವಿಶೇಷಣವಾಗಿ ಹೇಳಿದರೆ ಅದು ಆಗಲೇ ಒಪ್ಪಿದ ಸತ್ಯದ ಹಾಗೆ ಕಿವಿಯೊಳಗೆ ಹೋಗಿಬಿಡುತ್ತೆ. ಅದಕ್ಕೇ ನಾನು ಮಕ್ಕಳಿಗೆ ಕೂಡಿಸೋದು ಮಾತ್ರ ಅಲ್ಲ, ಬಿಡಿಸೋದೂ ಹೇಳಿಕೊಡ್ತೀನಿ. ಯಾರಾದ್ರೂ ಕೂಡಿಸಿ ಕೊಟ್ಟ ವಾಕ್ಯವನ್ನು ಎರಡು ಮಾಡು, ಆಮೇಲೆ ಎರಡನ್ನೂ ಬೇರೆ ಬೇರೆ ಕೇಳು, ಇದು ನಿಜವಾ ಅಂತ.

ಕಾನೂನಿನ ಕಡೆ ನೋಡಿದರೆ ಈ ಪಾಠ ಇನ್ನೂ ದುಬಾರಿ. ಸಂವಿಧಾನದ 17ನೇ ವಿಧಿ ನಮಗೆಲ್ಲ ಬಾಯಿಪಾಠ. ಕರಡಿನಲ್ಲಿ ಅದು 11ನೇ ವಿಧಿ ಆಗಿತ್ತು, 1948ರ ನವೆಂಬರ್ 29ರಂದು ಸಂವಿಧಾನ ಸಭೆ ಒಪ್ಪಿಕೊಂಡಿತು. ಅಸ್ಪೃಶ್ಯತೆ ರದ್ದಾಗಿದೆ ಅನ್ನೋ ಭಾಗ ಎಲ್ಲರಿಗೂ ಗೊತ್ತು. ಅದರ ಕೊನೆಯ ವಾಕ್ಯದಲ್ಲಿ "ಡಿಸೆಬಿಲಿಟಿ ಅರೈಸಿಂಗ್ ಔಟ್ ಆಫ್ ಅನ್‌ಟಚಬಿಲಿಟಿ" ಅಂತ ಬರುತ್ತೆ. ಅಂದರೆ ಅಸ್ಪೃಶ್ಯತೆಯಿಂದ ಹುಟ್ಟುವ ಯಾವುದೇ ನಿರ್ಬಂಧವನ್ನು ಹೇರೋದು ಅಪರಾಧ. "ಅರೈಸಿಂಗ್" ಅನ್ನೋದು "ವಿಚ್ ಅರೈಸಸ್" ಅನ್ನೋದರ ಮೊಟಕು ರೂಪ, ಕೊಂಡಿಯನ್ನು ನುಂಗಿಕೊಂಡ ರಿಲೇಟಿವ್ ಕ್ಲಾಸು. ಹೋಟೆಲಿನಲ್ಲಿ ಬೇರೆ ಲೋಟ, ಕ್ಷೌರದ ಅಂಗಡಿಯಲ್ಲಿ "ಇವತ್ತು ಆಗಲ್ಲ", ದೇವಸ್ಥಾನದ ಬಾಗಿಲು, ಎಲ್ಲವೂ ಆ ಮೊಟಕು ತುಂಡಿನೊಳಗೆ ಬರ್ತವೆ.

1989ರ ದೌರ್ಜನ್ಯ ತಡೆ ಕಾಯ್ದೆ ನೋಡಿ. ಜಾತಿ ಅವಮಾನದ ಕಲಮು ಮೊದಲು 3(1)(10) ಅಂತ ಇತ್ತು, 2015ರ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂದ ಮೇಲೆ 3(1)(ಆರ್) ಆಯ್ತು. ಅದರಲ್ಲಿ ಅವಮಾನ ನಡೆದ ಜಾಗದ ಬಗ್ಗೆ "ಎನಿ ಪ್ಲೇಸ್ ವಿದಿನ್ ಪಬ್ಲಿಕ್ ವ್ಯೂ" ಅಂತಿದೆ. ಬಿಡಿಸಿದರೆ "ಪ್ಲೇಸ್ ವಿಚ್ ಈಸ್ ವಿದಿನ್ ಪಬ್ಲಿಕ್ ವ್ಯೂ", ಜನರ ಕಣ್ಣಿಗೆ ಬೀಳುವ ಜಾಗ. ಸಾರ್ವಜನಿಕ ಜಾಗ ಅಂತ ಇಲ್ಲ, ಗಮನಿಸಿ. ಸ್ವರಣ್ ಸಿಂಗ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು. ಜಾಗ ಖಾಸಗಿಯದ್ದೇ ಆಗಿರಬಹುದು, ಆದರೆ ಮನೆಯ ಹೊರಗಿನ ಅಂಗಳ ರಸ್ತೆಯಿಂದ ಯಾರಿಗಾದರೂ ಕಾಣುವಂತಿದ್ದರೆ ಅದು ಜನರ ಕಣ್ಣಿಗೆ ಬೀಳುವ ಜಾಗವೇ ಅಂತ. 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ ಅವಮಾನ ಮನೆಯ ನಾಲ್ಕು ಗೋಡೆಯೊಳಗೆ ನಡೆದದ್ದು, ಹೊರಗಿನವರು ಯಾರೂ ಇರಲಿಲ್ಲ ಅಂತ ಆ ಕಲಮು ನಿಲ್ಲಲಿಲ್ಲ. ಕೇಸು ನಿಲ್ಲೋದೂ ಬೀಳೋದೂ ಆ ಜಾಗದ ಪಕ್ಕದಲ್ಲಿ ಕೂತ ನೆಂಟನ ಮೇಲೆ.

ದೂರು ಕನ್ನಡದಲ್ಲೇ ಕೊಡಿ, ಇಂಗ್ಲಿಷ್ ಬೇಕಾಗಿಲ್ಲ. ಆದರೆ "ಅಂಗಳದಲ್ಲಿ ಬೈದರು" ಅಂತ ನಿಲ್ಲಿಸಬೇಡಿ. ನಿಜವಾಗಿ ಹಾಗೆ ನಡೆದಿದ್ದರೆ "ರಸ್ತೆಯಿಂದ ಕಾಣುವ ಅಂಗಳದಲ್ಲಿ, ಹಾಲು ಹಾಕೋಕೆ ಬಂದಿದ್ದ ಇಂಥಿಂಥವರು ನಿಂತಿದ್ದಾಗ ಬೈದರು" ಅಂತ ಬರೆಯಿರಿ. "ಕಾಣುವ", "ಬಂದಿದ್ದ" ಅನ್ನೋ ಎರಡು ಕೃದಂತಗಳೇ ಮುಂದೆ ಸಾಕ್ಷಿ ಆಗ್ತವೆ. ಹಾಗಂತ ಇಡೀ ದೂರನ್ನು ಒಂದೇ ವಾಕ್ಯ ಮಾಡಬೇಡಿ. ಸರ್ಕಾರಿ ಆದೇಶದ ಥರ "ಸದರಿ, ಮೇಲ್ಕಂಡ, ಉಲ್ಲೇಖಿತ" ಅಂತ ಅರ್ಧ ಪುಟ ಓಡಿಸಿದರೆ ಬರೆದವರಿಗೇ ದಾರಿ ತಪ್ಪುತ್ತೆ. ಒಂದು ವಾಕ್ಯದಲ್ಲಿ ಒಂದೋ ಎರಡೋ ನೆಂಟರು ಸಾಕು. ಯಾರು, ಯಾರನ್ನು, ಎಲ್ಲಿ, ಯಾವಾಗ, ಯಾರ ಎದುರಿಗೆ ಅನ್ನೋದು ಸಣ್ಣ ವಾಕ್ಯದಲ್ಲೇ ಚೆಂದ.

ಕೊನೆಗೆ, "ಕನ್ನಡ ಬಿಟ್ಟು ಇಂಗ್ಲಿಷ್ ಹಿಂದೆ ಬಿದ್ದಿದ್ದೀರಿ" ಅನ್ನುವ ಕಾಮೆಂಟು ಬಂದೇ ಬರುತ್ತೆ, ಅದಕ್ಕೂ ಈಗಲೇ ಹೇಳಿಬಿಡ್ತೀನಿ. ನಾನು ಎಬಿಸಿಡಿ ಕಲಿತದ್ದು ಐದನೇ ಕ್ಲಾಸಿನಲ್ಲಿ. ಅದೇ ಹೊತ್ತಿಗೆ ಪೇಟೆಯ ಕಾನ್ವೆಂಟಿನ ಮಕ್ಕಳು ಇಂಗ್ಲಿಷಿನಲ್ಲಿ ಕಥೆ ಓದ್ತಿದ್ರು. ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007-08ರಲ್ಲಿ. ಅಷ್ಟರಲ್ಲಿ ನಮ್ಮ ತಲೆಮಾರು ಶಾಲೆ ಮುಗಿಸಿ ಆಗಿತ್ತು. ಉತ್ತರ ಪ್ರದೇಶದ ಬಂಕಾ ಅನ್ನೋ ಹಳ್ಳಿಯಲ್ಲಿ 2010ರಲ್ಲಿ ಚಂದ್ರಭಾನ್ ಪ್ರಸಾದ್ ಅವರ ಮುಂದಾಳತ್ವದಲ್ಲಿ ದಲಿತರು ಇಂಗ್ಲಿಷ್ ದೇವಿಗೆ ಗುಡಿ ಕಟ್ಟೋಕೆ ಹೊರಟರು. ನನಗೆ ಇಂಗ್ಲಿಷ್ ದೇವಿ ಅಲ್ಲ. ಪೂಜೆ ಮಾಡೋಕೆ ಹೋದರೆ ಅಲ್ಲೂ ಗರ್ಭಗುಡಿ, ಹೊರಗೆ ನಿಲ್ಲುವವರು ಅಂತ ಆಗುತ್ತೆ. ನನಗೆ ಅದು ಗಾರೆ ಕೆಲಸದವನ ಕರಣೆ ಇದ್ದ ಹಾಗೆ. ಕರಣೆ ಯಾರ ಮನೆಯಲ್ಲಿ ತಯಾರಾಯ್ತು ಅಂತ ಯಾರೂ ಕೇಳಲ್ಲ, ಗೋಡೆ ನೆಟ್ಟಗೆ ಬಂತಾ ಅಂತ ನೋಡ್ತಾರೆ. ಕನ್ನಡದ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ನಮ್ಮಜ್ಜಿಯ ಬೈಗುಳದಲ್ಲಿ ಎಷ್ಟು ವ್ಯಾಕರಣ ಇತ್ತು ಅಂತ ಇಂಗ್ಲಿಷ್ ಪಾಠ ಮಾಡುವಾಗಲೇ ನನಗೆ ಗೊತ್ತಾದದ್ದು.

ನಮ್ಮ ಬಗ್ಗೆ "ಊರ ಹೊರಗಿರುವವರು", "ಮುಟ್ಟಬಾರದವರು" ಅಂತ ಬೇರೆಯವರು ಬರೆದ ಕೃದಂತಗಳು ಸಾವಿರಾರು ವರ್ಷ ನಡೆದವು. ಈಗ "ಹೂ" ಆದಮೇಲೆ ಏನು ಬರಬೇಕು ಅನ್ನೋದನ್ನು ನಮ್ಮ ಮಕ್ಕಳೇ ಬರೆಯಲಿ ಅಂತ ನನ್ನಾಸೆ.

ಈ ವಾರದ ಹೋಂವರ್ಕ್. ಮನೆಯಲ್ಲಿ ಮಕ್ಕಳಿದ್ದರೆ ಮಾಡಿಸಿ, ನೀವೂ ಮಾಡಿ. ಉತ್ತರ ಕಾಮೆಂಟಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆದರೂ ಪರವಾಗಿಲ್ಲ.

1. "ದಿಸ್ ಈಸ್ ದ ಸ್ಕೂಲ್. ಮೈ ಮದರ್ ಕುಕ್ಸ್ ಹಿಯರ್." ("ವೇರ್" ಬಳಸಿ)

2. "ದ ಮ್ಯಾನ್ ಈಸ್ ಮೈ ಅಂಕಲ್. ಹಿಸ್ ಲ್ಯಾಂಡ್ ವಾಸ್ ಟೇಕನ್." ("ಹೂಸ್" ಬಳಸಿ)

3. "ವೀ ರೋಟ್ ಎ ಲೆಟರ್. ಇಟ್ ರೀಚ್ಡ್ ದ ಡಿಸಿ ಆಫೀಸ್." ("ದಟ್" ಬಳಸಿ)

4. "ದ ವರ್ಕರ್ಸ್ ಹೂ ಹ್ಯಾವ್ ನೋ ಕಾರ್ಡ್ಸ್ ವಿಲ್ ನಾಟ್ ಬಿ ಪೇಯ್ಡ್." ಇದಕ್ಕೆ ಎರಡು ಕಾಮಾ ಹಾಕಿದರೆ ಯಾರ ಯಾರ ಕೂಲಿ ಹೋಗುತ್ತೆ? ಕನ್ನಡದಲ್ಲಿ ವಿವರಿಸಿ.

ನಾಲ್ಕನೆಯದನ್ನು ಸರಿಯಾಗಿ ಬಿಡಿಸಿದವರು ನಿಮ್ಮೂರಿನಲ್ಲಿ ಇಂಥ ಕ್ಲಾಸು ಶುರು ಮಾಡೋಕೆ ಸಾಕಷ್ಟು ಇಂಗ್ಲಿಷ್ ಬಲ್ಲವರು ಅಂತ ಲೆಕ್ಕ. ಭವನದ ಬೀಗದ ಕೈ ಯಾರ ಹತ್ತಿರ ಇದೆ ಅಂತ ವಿಚಾರಿಸಿ, ಒಂದು ಬೋರ್ಡು ಹುಡುಕಿ. ನಮ್ಮ ಕ್ಲಾಸಿನ ನೋಟ್ಸ್ ಬೇಕಾದವರು ಇನ್‌ಬಾಕ್ಸ್ ಮಾಡಿ, ಫೋಟೋ ತೆಗೆದು ಕಳಿಸ್ತೀನಿ.

ಜೈ ಭೀಮ್.